ಎರಡೂ ಕೈ ಕೊಡವ್ವಾ

ಬಿ.ಪಿ. ನೋಡುವಾಗ ನಮ್ಮ ಗದಗ ಸೀಮೆಯಲ್ಲಿ ಪಟ್ಟಿ ಸುತ್ತುವುದು ಒಂದೇ ತೋಳಿಗೆ. ಲಕ್ಷ್ಮೇಶ್ವರದ ಸರಕಾರಿ ಆಸ್ಪತ್ರೆಯಿರಲಿ, ಬೆಟಗೇರಿಯ ಖಾಸಗಿ ದವಾಖಾನೆಯಿರಲಿ, ಜಾತ್ರೆಯ ದಿನ ಮಠದ ಅಂಗಳದಲ್ಲಿ ಹಾಕುವ ಉಚಿತ ತಪಾಸಣೆಯ ಪೆಂಡಾಲಿರಲಿ, ಬಂದವರು ಯಾವ ಕಡೆ ತಿರುಗಿ ಕೂತರೋ ಆ ಕೈಗೆ ಪಟ್ಟಿ ಬೀಳುತ್ತದೆ. ಹಿಂದೆ ಉದ್ದನೆಯ ಸಾಲು ನಿಂತಿರುವಾಗ ಎರಡನೆಯ ಕೈ ಹಿಡಿಯಲು ಯಾರಿಗೂ ಪುರಸೊತ್ತಿಲ್ಲ. ಬಹುತೇಕ ಜನರಿಗೆ ಇದರಿಂದ ಹಾನಿಯೂ ಇಲ್ಲ; ಎರಡೂ ತೋಳಿನ ಒತ್ತಡ ಹೆಚ್ಚುಕಡಿಮೆ ಒಂದೇ ಇರುತ್ತದೆ. ಹಾಗಿರದ ಕೆಲವರಿದ್ದಾರೆ.

ಶಿರಹಟ್ಟಿ ಕಡೆಯ ಹಳ್ಳಿಯ, 24ರ ಹರೆಯದ ಹೆಣ್ಣುಮಗಳೊಬ್ಬಳು ಅಂದುಕೊಳ್ಳೋಣ. ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವ ಸಣ್ಣ ಜ್ವರ. ತೂಕ ಇಳಿದಿದೆ, ಊಟ ಸೇರುವುದಿಲ್ಲ. ರಕ್ತ ಕಡಿಮೆಯಾಗಿದೆ ಎಂದು ಕಬ್ಬಿಣದ ಗುಳಿಗೆ ಕೊಟ್ಟಾಗಿದೆ, ಟೈಫಾಯ್ಡ್ ಎಂದು ಒಂದು ಕೋರ್ಸ್ ಮುಗಿದಿದೆ. ಡಾಕ್ಟರ ಮುಂದೆ ಕೂತಾಗ ಅವಳು ಹೇಳುವ ಮಾತು ಬೇರೆಯೇ: "ರೊಟ್ಟಿ ಬಡಿಯಾಕ ಕುಂತ್ರ ನಾಕನೇ ರೊಟ್ಟಿಗೆ ಬಲಗೈ ಸೋತು ಬರ್ತೈತ್ರಿ ಸಾಹೇಬ್ರ. ಜರಾ ಸುಮ್ನ ಕುಂತ್ರ ಸರಿಯಾಗ್ತೈತಿ. ಮತ್ತ ಬಡಿಯಾಕ ಹತ್ತಿದ್ರ ಮತ್ತ ಸೋಲ್ತೈತಿ."

ರೋಗನಿದಾನದ ಅರ್ಧ ಈ ಮಾತಿನಲ್ಲೇ ಇದೆ. ಬರೀ ಅಶಕ್ತಿಯಾಗಿದ್ದರೆ ಮೊದಲ ರೊಟ್ಟಿಗೂ ಕೈ ಏಳುತ್ತಿರಲಿಲ್ಲ. ಕುತ್ತಿಗೆಯಲ್ಲಿ ನರ ಒತ್ತಿದ್ದರೆ ಸುಮ್ಮನೆ ಕೂತರೂ ನೋವು ಬಿಡುತ್ತಿರಲಿಲ್ಲ. ದುಡಿದಾಗ ಸೋತು, ಬಿಟ್ಟಾಗ ಸುಧಾರಿಸಿ, ಅಷ್ಟೇ ದುಡಿತಕ್ಕೆ ಮತ್ತೆ ಸೋಲುವ ಸ್ನಾಯು ತನಗೆ ರಕ್ತ ಸಾಲುತ್ತಿಲ್ಲ ಎಂದು ದೂರು ಹೇಳುತ್ತಿದೆ. ಅನುಭವಿ ವೈದ್ಯರು ಇಲ್ಲಿ "ಎರಡೂ ಕೈ ಕೊಡವ್ವಾ" ಅನ್ನುತ್ತಾರೆ. ಎಡ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಹತ್ತಿರ, ನಾಡಿ ಚೆನ್ನಾಗಿ ಹೊಡೆಯುತ್ತಿದೆ. ಬಲಗಡೆ ಬೆರಳಿಗೆ ಏನೂ ಸಿಗುವುದಿಲ್ಲ. ಎಡತೋಳಿನಲ್ಲಿ ಬಿ.ಪಿ.ಯ ಮೇಲಿನ ಅಂಕಿ 150, ಬಲತೋಳಿನಲ್ಲಿ 100. ಬಲಗಡೆಯ ಕೊರಳೆಲುಬಿನ ಮೇಲೆ ಸ್ಟೆತಸ್ಕೋಪ್ ಇಟ್ಟರೆ ಹೃದಯದ ಪ್ರತಿ ಬಡಿತಕ್ಕೂ ಸುಂಯ್ ಎಂಬ ಸದ್ದು. ಕಿರಿದಾದ ನಾಳದಲ್ಲಿ ರಕ್ತ ನುಗ್ಗಿ ಹೋಗುವ ಸದ್ದು ಅದು. ಎರಡು ತೋಳುಗಳ ನಡುವೆ 10ಕ್ಕಿಂತ ಹೆಚ್ಚಿನ ಅಂತರ ಕಂಡರೆ ಅನುಮಾನಪಡಬೇಕು ಎನ್ನುತ್ತದೆ ಪಠ್ಯಪುಸ್ತಕ. ಇಲ್ಲಿ 50 ಇದೆ.

ಇದು ಟಕಯಾಸು ಕಾಯಿಲೆ. 1908ರಲ್ಲಿ ಜಪಾನಿನ ಕಾನಜಾವಾದ ಕಣ್ಣಿನ ವೈದ್ಯ ಮಿಕಿಟೊ ಟಕಯಾಸು, 21 ವರ್ಷದ ಯುವತಿಯೊಬ್ಬಳ ಕಣ್ಣಿನ ಪರದೆಯಲ್ಲಿ ರಕ್ತನಾಳಗಳು ವಿಚಿತ್ರವಾಗಿ ಬಳೆಯಂತೆ ಸುತ್ತಿಕೊಂಡಿರುವುದನ್ನು ಸಹೋದ್ಯೋಗಿಗಳ ಸಭೆಯಲ್ಲಿ ವರದಿ ಮಾಡಿದ. ಓನಿಶಿ ಮತ್ತು ಕಾಗೋಶಿಮಾ ಎಂಬ ಇನ್ನಿಬ್ಬರು ವೈದ್ಯರು ತಾವೂ ಅಂಥ ಕಣ್ಣು ನೋಡಿದ್ದೇವೆ, ಆ ರೋಗಿಗಳ ಕೈಯಲ್ಲಿ ನಾಡಿಯೇ ಸಿಗಲಿಲ್ಲ ಎಂದರು. ಹೆಸರು ಉಳಿದದ್ದು ಕಣ್ಣು ನೋಡಿದವನದು. ನಾಡಿ ಹಿಡಿದವರೇ ಕಾಯಿಲೆಯ ಬುಡಕ್ಕೆ ಹೆಚ್ಚು ಹತ್ತಿರ ಹೋಗಿದ್ದರು ಎಂದು ನನಗನ್ನಿಸುತ್ತದೆ.

ಬುಡದಲ್ಲಿ ಇರುವುದು ರಕ್ತನಾಳದ ಗೋಡೆಯ ಉರಿಯೂತ, ವೈದ್ಯರ ಮಾತಿನಲ್ಲಿ ವ್ಯಾಸ್ಕ್ಯುಲೈಟಿಸ್. ರಕ್ತನಾಳ ಕಟ್ಟಿಕೊಳ್ಳುವುದು ಎಂದರೆ ನಮಗೆ ನೆನಪಾಗುವುದು ಕೊಬ್ಬು, ವಯಸ್ಸು, ಹೃದಯಾಘಾತ. ಇದು ಆ ಜಾತಿಯದಲ್ಲ. ಗದಗಿನ ಗಡಸು ನೀರು ನಲ್ಲಿಯ ಪೈಪಿನೊಳಗೆ ಸುಣ್ಣ ಕಟ್ಟಿಸುವುದು ಒಂದು ಬಗೆಯಾದರೆ, ಪೈಪಿನ ಗೋಡೆಯೇ ಊದಿಕೊಂಡು ಒಳದಾರಿ ಕಿರಿದಾಗುವುದು ಇನ್ನೊಂದು ಬಗೆ. ಸೋಂಕಿನ ಮೇಲೆ ಹೋರಾಡಬೇಕಾದ ಬಿಳಿ ರಕ್ತಕಣಗಳು ನಾಳದ ಗೋಡೆಯೊಳಗೆ ನುಗ್ಗಿ ಅಲ್ಲಿ ಠಿಕಾಣಿ ಹೂಡುತ್ತವೆ. ಗೋಡೆ ದಪ್ಪವಾಗುತ್ತದೆ, ಒಳಪದರ ಬೆಳೆದು ದಾರಿ ಮುಚ್ಚುತ್ತದೆ. ಕೆಲವೆಡೆ ತದ್ವಿರುದ್ಧವಾಗಿ ಗೋಡೆ ತೆಳುವಾಗಿ ಉಬ್ಬುತ್ತದೆ, ಒಡೆಯಲೂಬಹುದು. ಮುಚ್ಚಿದ ನಾಳವನ್ನು ನಂಬಿದ ಅಂಗ ರಕ್ತವಿಲ್ಲದೆ ಒಣಗುತ್ತದೆ. ಯಾವ ನಾಳ ಎಂಬುದರ ಮೇಲೆ ಕಾಯಿಲೆಯ ಮುಖ ನಿಂತಿದೆ: ತೋಳಿನದಾದರೆ ಕೈಸೋಲು, ಕಿಡ್ನಿಯದಾದರೆ ಬಿ.ಪಿ., ನರದ್ದಾದರೆ ಜೋಮು, ಚರ್ಮದ್ದಾದರೆ ನೇರಳೆ ಚುಕ್ಕೆ. ರೋಗಿ ಮೊದಲು ಯಾವ ಡಾಕ್ಟರ ಬಾಗಿಲು ಬಡಿಯುತ್ತಾಳೆ ಎಂಬುದನ್ನೂ ಅದೇ ನಿರ್ಧರಿಸುತ್ತದೆ.

ಟಕಯಾಸು ಹಿಡಿಯುವುದು ದೊಡ್ಡ ನಾಳಗಳನ್ನು: ಹೃದಯದಿಂದ ಹೊರಡುವ ಮಹಾಅಪಧಮನಿ ಮತ್ತು ಅದರ ಕವಲುಗಳು. ಜಪಾನಿನ ರೋಗಿಗಳಲ್ಲಿ ಎದೆಯ ಮೇಲ್ಭಾಗದ ಕಮಾನು ಹೆಚ್ಚು ಕೆಡುತ್ತದೆ. ಭಾರತದಲ್ಲಿ ಹೊಟ್ಟೆಯೊಳಗಿನ ಭಾಗ ಮತ್ತು ಕಿಡ್ನಿಗೆ ಹೋಗುವ ಕವಲುಗಳು ಕೆಡುವುದು ಹೆಚ್ಚು. ಕಿಡ್ನಿಗೆ ರಕ್ತ ಕಡಿಮೆಯಾದರೆ ಅದು ಇಡೀ ದೇಹದ ಒತ್ತಡ ಏರಿಸುವ ರಾಸಾಯನಿಕ ಬಿಡುತ್ತದೆ. ಹಾಗಾಗಿ ನಮ್ಮಲ್ಲಿ ಇಪ್ಪತ್ತು ಇಪ್ಪತ್ತೈದರ ಹೆಣ್ಣುಮಕ್ಕಳಿಗೆ ಬಿ.ಪಿ. ಬಂದಿದೆ ಎಂದರೆ ಟಕಯಾಸು ಇರಬಹುದೇ ಎಂದು ಯೋಚಿಸಲೇಬೇಕು.

ಇಲ್ಲಿ ಒಂದು ಕುತ್ತು ಇದೆ. ತೋಳಿನ ನಾಳವೂ ಕಿಡ್ನಿಯ ನಾಳವೂ ಎರಡೂ ಕಿರಿದಾದವಳ ಕೆಟ್ಟ ತೋಳಿಗೆ ಪಟ್ಟಿ ಸುತ್ತಿದರೆ ಬಿ.ಪಿ. 110 ಎಂದು ತೋರಿಸುತ್ತದೆ. ನಿಜವಾಗಿ ಅವಳ ಹೃದಯ, ಮಿದುಳು 180ರ ಹೊಡೆತ ತಿನ್ನುತ್ತಿರಬಹುದು. ಎರಡೂ ತೋಳು ಕೆಟ್ಟಿದ್ದರೆ ತೊಡೆಗೆ ಪಟ್ಟಿ ಸುತ್ತಿ ನೋಡಬೇಕಾಗುತ್ತದೆ. ಗರ್ಭಿಣಿಯಾದಾಗ ತಾಯಿ ಕಾರ್ಡಿನಲ್ಲಿ ಪ್ರತಿ ಭೇಟಿಗೂ ಬಿ.ಪಿ. ಬರೆಯುತ್ತಾರೆ, ಅದು ಒಳ್ಳೆಯದೇ. ಅದು ಯಾವ ತೋಳಿನದು ಎಂದು ಬರೆಯಲು ಜಾಗವಿಲ್ಲದಿದ್ದರೂ ಮೊದಲ ಭೇಟಿಯಲ್ಲಿ ಒಮ್ಮೆ ಎರಡೂ ತೋಳು ನೋಡಿದರೆ ನಷ್ಟವೇನಿಲ್ಲ. ಮನೆಮನೆಗೆ ಬರುವ ಬಿ.ಪಿ., ಸಕ್ಕರೆ ತಪಾಸಣೆ ಶುರುವಾಗುವುದು 30 ವರ್ಷ ದಾಟಿದವರಿಂದ. ಟಕಯಾಸು ಬಹುತೇಕ ಅಷ್ಟರೊಳಗೇ ಬಂದಿರುತ್ತದೆ.

ಅದೇ 1908ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯಲ್ಲಿ ಲಿಯೋ ಬರ್ಗರ್ ಎಂಬ ವೈದ್ಯ ಕತ್ತರಿಸಿ ತೆಗೆದ 11 ಕೈಕಾಲುಗಳನ್ನು ಮೇಜಿನ ಮೇಲಿಟ್ಟು ಒಳಗಿನ ನಾಳಗಳನ್ನು ಪರೀಕ್ಷಿಸಿದ. ಎಲ್ಲವೂ ವಯಸ್ಸಿಗೆ ಮೊದಲೇ ಕೊಳೆತವು. ನಾಳಗಳು ಹೆಪ್ಪುಗಟ್ಟಿದ ರಕ್ತದಿಂದ ತುಂಬಿದ್ದವು, ಹೆಪ್ಪಿನ ತುಂಬ ಉರಿಯೂತದ ಕಣಗಳಿದ್ದವು. ಟಕಯಾಸು ಹೆಣ್ಣುಮಕ್ಕಳ ಕೈಗೆ ಬಂದರೆ ಬರ್ಗರ್ ಕಾಯಿಲೆ ಗಂಡಸರ ಕಾಲಿಗೆ ಬರುತ್ತದೆ, ಅದೂ ಧೂಮಪಾನಿ ಗಂಡಸರ ಕಾಲಿಗೆ. ನಮ್ಮ ಸೀಮೆಯಲ್ಲಿ ಧೂಮಪಾನ ಎಂದರೆ ಬೀಡಿ. ಬೀಡಿಯ ಎಲೆ ಸಿಗರೇಟಿನ ಕಾಗದದಂತೆ ತಾನಾಗಿ ಉರಿಯುತ್ತಾ ಇರುವುದಿಲ್ಲ. ಎಳೆಯುತ್ತಲೇ ಇರಬೇಕು, ಇಲ್ಲದಿದ್ದರೆ ಆರುತ್ತದೆ. ತಂಬಾಕು ಕಡಿಮೆ ಇದ್ದರೂ ಒಳಗೆ ಹೋಗುವ ಟಾರ್, ನಿಕೋಟಿನ್ ಹೆಚ್ಚು.

ಶುರುವಾಗುವುದು ಪಾದದ ಕಮಾನಿನ ನೋವಿನಿಂದ. ಹೊಲಕ್ಕೆ ಹೋಗುವ ದಾರಿಯಲ್ಲಿ ನಡುನಡುವೆ ನಿಲ್ಲಬೇಕಾಗುತ್ತದೆ. ಪಿಂಡರಿಯ ಚರ್ಮದಡಿ ಕೆಂಪಗಿನ ನೋಯುವ ಗೆರೆ ಎದ್ದು, ಹೋಗಿ, ಇನ್ನೊಂದು ಕಡೆ ಏಳುತ್ತದೆ. ಬೆರಳು ತಣ್ಣಗಾಗಿ ನೀಲಿಯಾಗುತ್ತದೆ. ರಾತ್ರಿ ಕಾಲು ಮಂಚದಿಂದ ಕೆಳಗೆ ಇಳಿಬಿಟ್ಟರೆ ಸ್ವಲ್ಪ ಹಾಯ್. ಆಮೇಲೆ ಉಗುರಿನ ಅಂಚಿನಲ್ಲಿ ಮಾಯದ ಹುಣ್ಣು. ಹುಣ್ಣು ಕಂಡವರೆಲ್ಲ ಮೊದಲು ಕೇಳುವುದು "ಸಕ್ಕರಿ ಐತೇನು?" ಎಂದು. ಪರೀಕ್ಷೆಯಲ್ಲಿ ಸಕ್ಕರೆ ಇಲ್ಲ ಎಂದು ಬಂದರೆ ಮುಲಾಮು ಹಚ್ಚಿ ಕಳಿಸುತ್ತಾರೆ. 45ರ ಒಳಗಿನ, ಬೀಡಿ ಸೇದುವ, ಸಕ್ಕರೆ ಕಾಯಿಲೆಯಿಲ್ಲದ ಗಂಡಸಿನ ಕಾಲುಬೆರಳು ಕಪ್ಪಾಗುತ್ತಿದೆ ಎಂದರೆ ಪಾದದ ಮೇಲೆ ಮತ್ತು ಒಳಹರಡಿನ ಹಿಂದೆ ನಾಡಿ ಹುಡುಕಬೇಕು, ಕೈಗಳನ್ನೂ ಬಿಡದೆ ನೋಡಬೇಕು. ಡಾಪ್ಲರ್ ಸ್ಕ್ಯಾನ್, ಆಂಜಿಯೋಗ್ರಾಮ್ ಉಳಿದದ್ದನ್ನು ಹೇಳುತ್ತವೆ. ಮುಚ್ಚಿದ ನಾಳದ ಸುತ್ತ ಸ್ಕ್ರೂನಂತೆ ತಿರುಚಿದ ಹೊಸ ಸಣ್ಣ ನಾಳಗಳು ಕಾಣುತ್ತವೆ.

ಇದು ನಿಜವಾಗಿ ವ್ಯಾಸ್ಕ್ಯುಲೈಟಿಸ್ ಹೌದೋ ಅಲ್ಲವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ನಾಳಗಳ ಉರಿಯೂತಗಳಿಗೆ ಹೆಸರಿಡಲು ತಜ್ಞರು ಅಮೆರಿಕದ ಚಾಪೆಲ್ ಹಿಲ್‌ನಲ್ಲಿ ಸೇರಿ 1994ರಲ್ಲಿ ಮಾಡಿ, 2012ರಲ್ಲಿ ತಿದ್ದಿದ ಪಟ್ಟಿಯಲ್ಲಿ ಬರ್ಗರ್‌ಗೆ ಜಾಗವಿಲ್ಲ. ಸ್ಟಿರಾಯ್ಡ್‌ಗೂ ಅದು ಬಗ್ಗುವುದಿಲ್ಲ. ಬಗ್ಗುವುದು ಒಂದಕ್ಕೇ: ತಂಬಾಕು ಪೂರ್ತಿ ಬಿಡುವುದಕ್ಕೆ. ದಿನಕ್ಕೆ ಎರಡೇ ಬೀಡಿ ಎಂಬ ರಾಜಿಗೂ ಅದು ಒಪ್ಪದು. ತಿಕ್ಕಿ ಬಾಯಿಗಿಡುವ ತಂಬಾಕೂ ಲೆಕ್ಕಕ್ಕೆ ಬರುತ್ತದೆ. ಕೊಳೆಯುವ ಮೊದಲೇ ಬಿಟ್ಟವರಲ್ಲಿ ಬಹುತೇಕರ ಕಾಲು ಉಳಿಯುತ್ತದೆ. ಸೇದುತ್ತಲೇ ಇದ್ದವರಲ್ಲಿ ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲ ಕೆಳಗೆ ಎಂದು ಕತ್ತರಿ ಮೇಲೇರುತ್ತಾ ಹೋಗುತ್ತದೆ.

ಚಾಪೆಲ್ ಹಿಲ್ ಪಟ್ಟಿಯ ತರ್ಕ ಸರಳ: ನಾಳದ ಗಾತ್ರ ನೋಡಿ ವಿಂಗಡಿಸು. ದೊಡ್ಡ ನಾಳಗಳಲ್ಲಿ ಟಕಯಾಸು ಜೊತೆಗೆ ಇನ್ನೊಂದಿದೆ, 50 ದಾಟಿದವರ ಹಣೆಯ ಪಕ್ಕದ ನಾಳ ಉಬ್ಬಿ ನೋಯುವ ಜೈಂಟ್ ಸೆಲ್ ಆರ್ಟರೈಟಿಸ್. ಯುರೋಪಿನಲ್ಲಿ ಹೆಚ್ಚು, ನಮ್ಮಲ್ಲಿ ಅಪರೂಪ. ಆದರೂ ವಯಸ್ಸಾದವರು ಊಟ ಅಗಿಯುವಾಗ ದವಡೆ ಸೋಲುತ್ತದೆ, ತಲೆ ಬಾಚಿದರೆ ನೋವು ಎಂದರೆ ಅಸಡ್ಡೆ ಮಾಡಬಾರದು. ಕಣ್ಣಿನ ನಾಳ ಮುಚ್ಚಿದರೆ ಹೋದ ದೃಷ್ಟಿ ಮರಳುವುದಿಲ್ಲ. ಇಲ್ಲಿ ತುಣುಕು ಪರೀಕ್ಷೆಯ (ಬಯಾಪ್ಸಿ) ವರದಿಗೂ ಕಾಯದೆ ಸ್ಟಿರಾಯ್ಡ್ ಶುರು ಮಾಡುತ್ತಾರೆ.

ಮಧ್ಯಮ ನಾಳಗಳ ಕಥೆ ಹಳೆಯದು. 1866ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ 27 ವರ್ಷದ ದರ್ಜಿಯೊಬ್ಬ ಜ್ವರ, ಹೊಟ್ಟೆನೋವು, ಕೈಕಾಲು ಜೋಮು ಎಂದು ಆಸ್ಪತ್ರೆಗೆ ನಡೆದುಕೊಂಡು ಬಂದ. ಕೆಲವೇ ದಿನಗಳಲ್ಲಿ ಹಾಸಿಗೆಯಿಂದ ಏಳದಾದ, ತಿಂಗಳೊಪ್ಪತ್ತಿನಲ್ಲಿ ತೀರಿಕೊಂಡ. ಶವಪರೀಕ್ಷೆಯಲ್ಲಿ ಕುಸ್‌ಮೌಲ್ ಮತ್ತು ಮೈಯರ್ ಅವನ ಅಪಧಮನಿಗಳ ಉದ್ದಕ್ಕೂ ಸಣ್ಣ ಸಣ್ಣ ಗಂಟುಗಳನ್ನು ಕಂಡರು. ಇಂದು ಅದಕ್ಕೆ ಪಾಲಿಆರ್ಟರೈಟಿಸ್ ನೊಡೊಸಾ ಎಂದು ಹೆಸರು. ಹೆಪಟೈಟಿಸ್ ಬಿ ಸೋಂಕು ಇದನ್ನು ಕೆರಳಿಸಬಹುದು. ನರಕ್ಕೆ ರಕ್ತ ಕೊಡುವ ಎಳೆನಾಳ ಮುಚ್ಚಿ ಒಂದು ಬೆಳಿಗ್ಗೆ ಪಾದ ಇಳಿಬೀಳುತ್ತದೆ. ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿಹೋಗುತ್ತದೆ, ಹೆಬ್ಬೆರಳು ಹೊಸ್ತಿಲಿಗೆ ತಾಗುತ್ತದೆ. ಕೆಲವೇ ದಿನಗಳಲ್ಲಿ ಇನ್ನೊಂದು ಕಡೆಯ ಮುಂಗೈ ಜೋತುಬೀಳುತ್ತದೆ. ನಮ್ಮಲ್ಲಿ ಪಾದ ಜೋತರೆ ಮೊದಲು ಕುಷ್ಠ, ಆಮೇಲೆ ಸಕ್ಕರೆ ಕಾಯಿಲೆ ನೆನಪಾಗುವುದು ಸರಿಯೇ. ಆದರೆ ಅವೆರಡೂ ಇಷ್ಟು ಅವಸರ ಮಾಡುವುದು ಕಡಿಮೆ.

ಮಕ್ಕಳಲ್ಲಿ ಮಧ್ಯಮ ನಾಳ ಎಂದರೆ ಕವಾಸಾಕಿ ಕಾಯಿಲೆ. ಟೋಕಿಯೊದ ಮಕ್ಕಳ ವೈದ್ಯ ಟೊಮಿಸಾಕು ಕವಾಸಾಕಿ 1961ರಲ್ಲಿ ಮೊದಲ ಮಗುವನ್ನು ನೋಡಿ, 1967ರಲ್ಲಿ 50 ಮಕ್ಕಳ ವಿವರ ಪ್ರಕಟಿಸಿದ. ಐದು ದಿನ ದಾಟಿದರೂ ಇಳಿಯದ ಜ್ವರ, ಕೀವಿಲ್ಲದ ಕೆಂಗಣ್ಣು, ಒಡೆದ ತುಟಿ, ಕೆಂಪು ನಾಲಿಗೆ, ಮೈಮೇಲೆ ದದ್ದು, ಆಮೇಲೆ ಬೆರಳ ತುದಿಯ ಚರ್ಮ ಸುಲಿಯುವುದು. ಗೋಬರ, ಅಂದರೆ ದಡಾರ, ಎಂದು ಬೇವಿನ ಸೊಪ್ಪು ಹಾಸಿ ಮಲಗಿಸಿದ ಮನೆಗಳಲ್ಲಿ ಇದೂ ಸೇರಿಹೋಗಿರಬಹುದು. ಚಿಕಿತ್ಸೆ ಇಲ್ಲದಿದ್ದರೆ ನಾಲ್ಕರಲ್ಲಿ ಒಂದು ಮಗುವಿನ ಹೃದಯದ ನಾಳ ಉಬ್ಬುತ್ತದೆ. ಹತ್ತು ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಕೊಟ್ಟರೆ ಆ ಅಪಾಯ ನೂರಕ್ಕೆ ಐದರಷ್ಟಕ್ಕೆ ಇಳಿಯುತ್ತದೆ. ಔಷಧ ದುಬಾರಿ, ಗಡಿಯಾರ ಅದಕ್ಕಿಂತ ಕಟುವಾದದ್ದು.

ಸಣ್ಣ ನಾಳಗಳದು ಇನ್ನೊಂದು ಲೋಕ. ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವುದು ಐಜಿಎ ವ್ಯಾಸ್ಕ್ಯುಲೈಟಿಸ್. ನೆಗಡಿ, ಗಂಟಲುನೋವು ಬಂದು ಒಂದೆರಡು ವಾರಕ್ಕೆ ಹುಡುಗನ ಕಾಲು, ಕುಂಡೆಯ ಮೇಲೆ ನೇರಳೆ ಚುಕ್ಕೆಗಳು. ಮಳೆಗಾಲವಾದರೆ ಮನೆಯವರು ಡೆಂಗಿ ಎಂದು ಹೌಹಾರುತ್ತಾರೆ, ಪ್ಲೇಟ್‌ಲೆಟ್ ಎಷ್ಟು ಎಂದು ಕೇಳುತ್ತಾರೆ. ಪ್ಲೇಟ್‌ಲೆಟ್ ಸರಿಯಾಗಿಯೇ ಇರುತ್ತದೆ, ಕೆಲವೊಮ್ಮೆ ಹೆಚ್ಚೂ ಇರುತ್ತದೆ. ಚುಕ್ಕೆಯ ಮೇಲೆ ಗಾಜಿನ ಲೋಟ ಒತ್ತಿ ನೋಡಿದರೆ ಸಾಮಾನ್ಯ ದದ್ದಿನ ಕೆಂಪು ಮಾಯವಾಗುತ್ತದೆ. ಇದು ಹಾಗೇ ಉಳಿಯುತ್ತದೆ, ಏಕೆಂದರೆ ರಕ್ತ ನಾಳದಿಂದ ಹೊರಗೆ ಸೋರಿದೆ. ಕಣ್ಣುಮುಚ್ಚಿ ಬೆರಳಾಡಿಸಿದರೂ ಚುಕ್ಕೆ ಉಬ್ಬಿರುವುದು ತಿಳಿಯುತ್ತದೆ. ಕೀಲುನೋವು, ಹೊಟ್ಟೆನೋವು ಜೊತೆಗಿರುತ್ತವೆ. ಹೊಟ್ಟೆನೋವೇ ಮೊದಲು ಬಂದು ಅಪೆಂಡಿಕ್ಸ್ ಎಂದು ಭ್ರಮೆ ಹುಟ್ಟಿಸುವುದುಂಟು. ಬಹಳಷ್ಟು ಮಕ್ಕಳು ತಿಂಗಳೊಳಗೆ ತಾವಾಗಿ ಗುಣವಾಗುತ್ತಾರೆ. ಚುಕ್ಕೆ ಹೋಯಿತು ಎಂದು ಎಲ್ಲರೂ ಮರೆತ ಮೇಲೆ ಕಿಡ್ನಿ ಕೆಡಬಹುದು. ಆರು ತಿಂಗಳವರೆಗೆ ಮೂತ್ರ ಪರೀಕ್ಷೆ ಬಿಡಬಾರದು.

ದೊಡ್ಡವರಲ್ಲಿ ಸಣ್ಣ ನಾಳದ ಕಾಯಿಲೆಗಳೇ ಜೀವಕ್ಕೆ ಕೈಹಾಕುವಂಥವು. ಮುಂಡರಗಿ ಕಡೆಯ ಐವತ್ತರ ರೈತನಿಗೆ ಮೂಗು ಕಟ್ಟಿ ಹಕ್ಕಳೆ, ರಕ್ತ. ಕಿವಿ ಸೋರಿಕೆ. ಕೀಲುಗಳೆಲ್ಲ ನೋವು. ಮುಂಡರಗಿ, ಗದಗ ಭಾಗದ ಬೋರ್‌ವೆಲ್ ನೀರಿನ ಫ್ಲೋರೈಡ್ ಹಳೆಯ ಸಂಗತಿ, 2006ರ ಚಿಕುನ್‌ಗುನ್ಯಾವನ್ನೂ ಜನ ಮರೆತಿಲ್ಲ. ಕೀಲುನೋವು ಆ ಎರಡರ ಖಾತೆಗೆ ಜಮಾ ಆಗುತ್ತದೆ. ಆಮೇಲೆ ಕೆಮ್ಮು, ಕಫದಲ್ಲಿ ರಕ್ತ. ಎಕ್ಸರೇಯಲ್ಲಿ ಶ್ವಾಸಕೋಶದಲ್ಲಿ ತೂತು. ನಮ್ಮ ದೇಶದಲ್ಲಿ ಇದನ್ನು ನೋಡಿದವರು ಕ್ಷಯ ಎನ್ನದೆ ಇರುವುದು ಕಷ್ಟ, ಹಾಗೆನ್ನುವುದು ತಪ್ಪೂ ಅಲ್ಲ. ಕಫದ ಪರೀಕ್ಷೆಯಲ್ಲಿ ಕ್ಷಯದ ಕ್ರಿಮಿ ಸಿಗದಿದ್ದರೂ ಗುಳಿಗೆ ಶುರು ಮಾಡಿ, ಎರಡು ತಿಂಗಳಾದರೂ ಗುಣ ಕಾಣದೆ ಇದ್ದಾಗ "ಇನ್ನೂ ನಾಲ್ಕು ತಿಂಗಳು ನೋಡೋಣ" ಎನ್ನುವಲ್ಲಿ ದಾರಿ ತಪ್ಪುತ್ತದೆ. ಆ ನಾಲ್ಕು ತಿಂಗಳಲ್ಲಿ ಕಿಡ್ನಿಯ ಸೋಸುವ ಗೊಂಚಲುಗಳು ಒಂದೊಂದಾಗಿ ಸಾಯುತ್ತವೆ. ನೋವಿಲ್ಲ, ಉರಿಯಿಲ್ಲ. ಮೂತ್ರ ಬಟ್ಟಲಲ್ಲಿ ತಿಳಿಯಾಗಿಯೇ ಕಾಣಬಹುದು. ಪಟ್ಟಿ ಅದ್ದಿ ನೋಡಿದರೆ ಪ್ರೋಟೀನ್, ಸೂಕ್ಷ್ಮದರ್ಶಕದಡಿ ಕೆಂಪು ರಕ್ತಕಣ. ಈ ಪರೀಕ್ಷೆಗೆ ಹುಬ್ಬಳ್ಳಿಗೆ ಹೋಗಬೇಕಿಲ್ಲ, ತಾಲೂಕು ಆಸ್ಪತ್ರೆಯ ಲ್ಯಾಬೇ ಸಾಕು.

ಒಂದೊಂದು ಲಕ್ಷಣಕ್ಕೂ ನಮ್ಮಲ್ಲಿ ಒಂದೊಂದು ಪರಿಚಿತ ಕಾಯಿಲೆ ಕಾದು ನಿಂತಿದೆ: ಕೆಮ್ಮಿಗೆ ಕ್ಷಯ, ಕೀಲಿಗೆ ನೀರು, ಪಾದಕ್ಕೆ ಸಕ್ಕರೆ, ಚುಕ್ಕೆಗೆ ಡೆಂಗಿ, ಸೋಲಿಗೆ ರಕ್ತಹೀನತೆ. ನಾಳದ ಉರಿಯೂತ ತಪ್ಪಿಸಿಕೊಳ್ಳುವುದು ದೊಡ್ಡ ಯಂತ್ರಗಳಿಲ್ಲ ಎಂಬುದಕ್ಕಿಂತ ಹೆಚ್ಚಾಗಿ ಈ ಹಂಚಿಕೆಯಿಂದ ಎಂದು ನನ್ನ ಅಭಿಪ್ರಾಯ. ಮೂಗಿನವರು ಮೂಗು ನೋಡಿದರು, ಎದೆಯವರು ಎದೆ ನೋಡಿದರು, ಎಲುಬಿನವರು ಕೀಲು ನೋಡಿದರು. ಮೂರೂ ಚೀಟಿಗಳನ್ನು ಒಂದೇ ಮೇಜಿನ ಮೇಲೆ ಹರಡಿದವರಿಲ್ಲ. ರೋಗಿಗಳಿಗೆ ಹೇಳುವುದಾದರೆ, ಹಳೆಯ ಚೀಟಿ, ಎಕ್ಸರೇ, ರಕ್ತದ ವರದಿಗಳನ್ನು ಒಂದೇ ಚೀಲದಲ್ಲಿ ತಾರೀಖಿನ ಪ್ರಕಾರ ಜೋಡಿಸಿಟ್ಟುಕೊಂಡು ಪ್ರತಿ ಡಾಕ್ಟರ ಮುಂದೆಯೂ ಪೂರ್ತಿ ಬಿಚ್ಚಿಡಿ.

ಗದಗಿನ ಜಿಮ್ಸ್ ಆಸ್ಪತ್ರೆಯಲ್ಲಿ ಅಥವಾ ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದೇ ಹೆಸರಾಗಿದ್ದ ಸರಕಾರಿ ಆಸ್ಪತ್ರೆಯಲ್ಲಿ ಒಬ್ಬ ಒಳ್ಳೆಯ ಫಿಜಿಶಿಯನ್ ಆ ಚೀಲ ನೋಡಿದರೆ ಮುಂದಿನ ಪರೀಕ್ಷೆಗಳು ತಾನಾಗಿ ಬರುತ್ತವೆ. ಇ.ಎಸ್.ಆರ್., ಸಿ.ಆರ್.ಪಿ. ಏರಿದ್ದರೆ ದೇಹದಲ್ಲಿ ಎಲ್ಲೋ ಉರಿಯೂತವಿದೆ ಎಂದು ಗೊತ್ತಾಗುತ್ತದೆ, ಎಲ್ಲಿ ಎಂದು ಗೊತ್ತಾಗುವುದಿಲ್ಲ. ಕ್ರಿಯಾಟಿನಿನ್ ಕಿಡ್ನಿಯ ಲೆಕ್ಕ ಕೊಡುತ್ತದೆ. ಆಮೇಲೆ ಆಂಕಾ. ನಮ್ಮದೇ ಬಿಳಿ ರಕ್ತಕಣಗಳ ಒಳಗಿನ ಎರಡು ಪ್ರೋಟೀನುಗಳ ಮೇಲೆ ದೇಹ ತಪ್ಪಿ ತಯಾರಿಸಿದ ಪ್ರತಿಕಾಯ ಇದು. ಕಿಡ್ನಿಯ ಉರಿಯೂತದ ಕೆಲವರಲ್ಲಿ ಇಂಥದ್ದಿದೆ ಎಂದು 1982ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಬರೆದರು. 1985ರಲ್ಲಿ ಡಚ್ ವೈದ್ಯ ವಾನ್ ಡೆರ್ ವೌಡೆ ಮತ್ತು ಜೊತೆಗಾರರು ಅದನ್ನು ಮೂಗು, ಶ್ವಾಸಕೋಶ, ಕಿಡ್ನಿ ಮೂರನ್ನೂ ಹಿಡಿಯುವ ಕಾಯಿಲೆಗೆ ಗಂಟುಹಾಕಿದರು. ಪ್ರತಿಕಾಯ ಅಂಟಿದ ಕಣ ಕೆರಳಿ ಸಣ್ಣ ನಾಳದ ಗೋಡೆಗೆ ಅಂಟಿಕೊಂಡು ತನ್ನೊಳಗಿನ ವಿಷವನ್ನು ಅಲ್ಲೇ ಸುರಿಯುತ್ತದೆ. ಕಲ್ಲುಪುಡಿಯ ಸಿಲಿಕಾ ಉಸಿರಾಡುವ ಕೆಲಸಗಾರರಲ್ಲಿ ಈ ಬಗೆಯ ಕಾಯಿಲೆ ಹೆಚ್ಚು ಎಂಬುದಕ್ಕೆ ಪುರಾವೆಗಳಿವೆ. ಕ್ರಷರ್, ಕ್ವಾರಿಗಳ ಸೀಮೆಯಲ್ಲಿ ನೆನಪಿಡಬೇಕಾದ ಮಾತು.

ಆಂಕಾ ಇದೆ ಎಂದು ಬಂದ ಮಾತ್ರಕ್ಕೆ ತೀರ್ಪಾಗುವುದಿಲ್ಲ. ಕ್ಷಯದಲ್ಲೂ, ಹೃದಯದ ಕವಾಟಕ್ಕೆ ಸೋಂಕಾದಾಗಲೂ ಅದು ಇದೆ ಎಂದು ತೋರಬಹುದು. ಸೋಂಕಿದ್ದವರಿಗೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಮದ್ದು ಕೊಟ್ಟರೆ ಕೊಂದಂತೆಯೇ. ಹಾಗಾಗಿ ಸಾಧ್ಯವಿದ್ದಾಗಲೆಲ್ಲ ಕಿಡ್ನಿಯದೋ, ಚರ್ಮದ್ದೋ, ನರದ್ದೋ ಸಣ್ಣ ತುಣುಕು ತೆಗೆದು ನೋಡುತ್ತಾರೆ. ಚರ್ಮದ ತುಣುಕನ್ನು ಹೊಸ ಚುಕ್ಕೆಯಿಂದ, ಒಂದೆರಡು ದಿನದೊಳಗೆ ತೆಗೆಯಬೇಕು. ಹಳೆಯ ಚುಕ್ಕೆಯಲ್ಲಿ ಸಾಕ್ಷಿ ಅಳಿಸಿಹೋಗಿರುತ್ತದೆ. ಟಕಯಾಸುವಿನಲ್ಲಿ ಮಹಾಅಪಧಮನಿಯ ತುಣುಕು ತೆಗೆಯಲಾಗದು, ಅಲ್ಲಿ ಸಿ.ಟಿ. ಅಥವಾ ಎಂ.ಆರ್. ಆಂಜಿಯೋಗ್ರಾಮ್ ಸಾಕ್ಷಿ. ಕಾಯಿಲೆ ಈಗ ಉರಿಯುತ್ತಿದೆಯೋ ಆರಿದೆಯೋ ಎಂದು ಅಳೆಯುವ ಅಂಕಪಟ್ಟಿಯೊಂದನ್ನು ಭಾರತದ ವೈದ್ಯರೇ ಮಾಡಿದ್ದಾರೆ. ಲಖನೌದ ರಾಮನಾಥ ಮಿಶ್ರಾ, ವೆಲ್ಲೂರಿನ ದೇಬಾಶಿಶ್ ದಂಡಾ ಮೊದಲಾದವರ ಐಟಾಸ್ 2010. ರೋಗಿಯನ್ನು ಕೂರಿಸಿಕೊಂಡು, ಹೊಸದಾಗಿ ನಾಡಿ ಹೋಗಿದೆಯೇ, ಹೊಸ ಸದ್ದು ಕೇಳುತ್ತಿದೆಯೇ ಎಂದು ಕೈಯಿಂದ, ಕಿವಿಯಿಂದ ನೋಡಿ ಅಂಕ ಹಾಕುವಂಥದ್ದು. ನಮ್ಮಂಥ ಕಡೆಗೆ ಹೇಳಿ ಮಾಡಿಸಿದಂತಿದೆ.

ಚಿಕಿತ್ಸೆಗೆ ಬಂದರೆ, ಇದು ಕಳೆದ ಶತಮಾನದ ದೊಡ್ಡ ಗೆಲುವುಗಳಲ್ಲಿ ಒಂದು. ಮೂಗು, ಶ್ವಾಸಕೋಶ, ಕಿಡ್ನಿ ಹಿಡಿಯುವ ಆಂಕಾ ಕಾಯಿಲೆಯ ರೋಗಿಗಳು ಸರಾಸರಿ ಐದು ತಿಂಗಳು ಬದುಕುತ್ತಿದ್ದರು, ನೂರಕ್ಕೆ 82 ಮಂದಿ ವರ್ಷದೊಳಗೆ ಸಾಯುತ್ತಿದ್ದರು ಎಂದು 1958ರ ಬ್ರಿಟಿಷ್ ವರದಿಯೊಂದು ಹೇಳುತ್ತದೆ. 1970ರ ದಶಕದಲ್ಲಿ ಅಮೆರಿಕದ ಆಂಥನಿ ಫೌಚಿ ಮತ್ತು ಶೆಲ್ಡನ್ ವುಲ್ಫ್, ಸ್ಟಿರಾಯ್ಡ್ ಜೊತೆಗೆ ಕ್ಯಾನ್ಸರಿಗೆ ಕೊಡುವ ಸೈಕ್ಲೊಫಾಸ್ಫಮೈಡ್ ಎಂಬ ಮದ್ದು ಕೊಟ್ಟು ನೋಡಿದರು. 1983ರಲ್ಲಿ ಅವರ ತಂಡ ಪ್ರಕಟಿಸಿದ 85 ರೋಗಿಗಳಲ್ಲಿ 93 ಶೇಕಡ ಮಂದಿಯ ಕಾಯಿಲೆ ಪೂರ್ತಿ ಹತೋಟಿಗೆ ಬಂದಿತ್ತು. ಕೋವಿಡ್ ಕಾಲದಲ್ಲಿ ಟಿ.ವಿ.ಯಲ್ಲಿ ದಿನವೂ ಕಂಡ ಅದೇ ಫೌಚಿ. ಆ ಮದ್ದಿಗೆ ತೆರಬೇಕಾದ ಬೆಲೆಯೂ ಇತ್ತು: ಮೂತ್ರಕೋಶದ ಕ್ಯಾನ್ಸರ್, ಮಕ್ಕಳಾಗದಿರುವುದು, ಸೋಂಕು. 2010ರಲ್ಲಿ ಎರಡು ಪ್ರಯೋಗಗಳು ರಿಟುಕ್ಸಿಮ್ಯಾಬ್ ಎಂಬ ಮದ್ದು ಕೂಡ ಅಷ್ಟೇ ಕೆಲಸ ಮಾಡುತ್ತದೆ ಎಂದು ತೋರಿಸಿದವು. ಪ್ರತಿಕಾಯ ತಯಾರಿಸುವ ಕಣಗಳ ಸಾಲನ್ನೇ ಅದು ಕೆಲವು ತಿಂಗಳು ಖಾಲಿ ಮಾಡುತ್ತದೆ. ಮದುವೆಯಾಗಿ ಮಕ್ಕಳಾಗಬೇಕಾದವರಿಗೆ ಇದು ದೊಡ್ಡ ನೆಮ್ಮದಿ. ಅದರ ಮೊದಲ ದೇಶೀ ಆವೃತ್ತಿಯನ್ನು ಹೈದರಾಬಾದಿನ ಡಾ. ರೆಡ್ಡೀಸ್ 2007ರಲ್ಲೇ ತಂದಿದ್ದರಿಂದ ಬೆಲೆ ಇಳಿಯಿತು. ಇಳಿದದ್ದೂ ಜೋಳ, ಉಳ್ಳಾಗಡ್ಡಿ ಬೆಳೆಯುವವರ ಮನೆಗೆ ಹಗುರವಲ್ಲ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಾಗುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ತಮ್ಮ ಚಿಕಿತ್ಸೆಯ ಯಾವ ಭಾಗ ಬರುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿಕೊಳ್ಳಬೇಕು, ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿಯನ್ನೂ ಮೊದಲೇ ಪಡೆಯಬೇಕು.

ದೊಡ್ಡವರ ಬಹುತೇಕ ಬಗೆಗಳಲ್ಲಿ ಮೊದಲ ಬೆಂಕಿ ಆರಿಸುವುದು ಸ್ಟಿರಾಯ್ಡ್, ಸಾಮಾನ್ಯವಾಗಿ ಪ್ರೆಡ್ನಿಸೊಲೋನ್. ಜನ ಹೆದರುವುದೂ ಅದಕ್ಕೇ. ಮುಖ ದುಂಡಗಾಗುತ್ತದೆ, ಹೊಟ್ಟೆ ಬರುತ್ತದೆ, ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ. ನೆರೆಹೊರೆಯವರು "ಏನವ್ವಾ ಹಿಂಗ ಊದಿ?" ಎಂದ ಮರುದಿನ ಗುಳಿಗೆ ನಿಲ್ಲುತ್ತದೆ. ಮೂರು ವಾರಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡ ಸ್ಟಿರಾಯ್ಡ್ ಅನ್ನು ಒಮ್ಮೆಗೇ ಬಿಟ್ಟರೆ ಕಾಯಿಲೆ ಮರುಕಳಿಸುವುದಷ್ಟೇ ಅಲ್ಲ, ದೇಹ ತನ್ನ ಸ್ವಂತ ಸ್ಟಿರಾಯ್ಡ್ ತಯಾರಿಸುವುದನ್ನು ಮರೆತಿರುವುದರಿಂದ ವಾಂತಿ, ಸುಸ್ತು ಬಂದು ಬಿ.ಪಿ. ಕುಸಿಯಬಹುದು. ವೈದ್ಯರೇ ವಾರಗಟ್ಟಲೆ ಹಂತಹಂತವಾಗಿ ಇಳಿಸಬೇಕು. ಇದರ ಇನ್ನೊಂದು ಮುಖವೂ ಇದೆ. ಕೀಲುನೋವಿಗೆ ಎಂದು ಹೆಸರಿಲ್ಲದ ಪೊಟ್ಟಣದಲ್ಲಿ ಮಾರುವ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದುಂಟು. ತಿಂದವರಿಗೆ ಎರಡೇ ದಿನದಲ್ಲಿ ನೋವು ಮಾಯ, ಕಾಯಿಲೆಯ ಗುರುತೂ ಮಾಯ, ಒಳಗೆ ಕಿಡ್ನಿ ಮಾತ್ರ ಕೆಡುತ್ತಲೇ ಇರುತ್ತದೆ. ಕಪ್ಪತಗುಡ್ಡದ ಗಿಡಮೂಲಿಕೆಗಳ ಮೇಲೆ ನಮ್ಮ ಜನಕ್ಕಿರುವ ಗೌರವವನ್ನು ಈ ಪುಡಿ ವ್ಯಾಪಾರಿಗಳು ಬಳಸಿಕೊಳ್ಳುವುದು ಬೇಸರದ ಸಂಗತಿ. ಸಮಾಧಾನದ ಸುದ್ದಿಯೂ ಇದೆ: 704 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆಂಕಾ ಕಾಯಿಲೆಯಲ್ಲಿ ಸ್ಟಿರಾಯ್ಡ್ ಬೇಗ ಇಳಿಸಿದರೂ ಫಲ ಅಷ್ಟೇ ಸಿಕ್ಕಿತು, ಗಂಭೀರ ಸೋಂಕು ಕಡಿಮೆಯಾಯಿತು.

ಟಕಯಾಸುವಿಗೆ ಸ್ಟಿರಾಯ್ಡ್ ಜೊತೆ ಮೆಥೊಟ್ರೆಕ್ಸೇಟ್, ಅಜಾಥಯೊಪ್ರಿನ್, ಮೈಕೊಫಿನೊಲೇಟ್‌ಗಳಲ್ಲಿ ಒಂದನ್ನು ವರ್ಷಗಟ್ಟಲೆ ಕೊಡುತ್ತಾರೆ. ಮೆಥೊಟ್ರೆಕ್ಸೇಟ್‌ನ ಹಿಂದೆ ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದಲ್ಲಿ ಮುನ್ನಡೆಸಿದ ಪ್ರಯೋಗಾಲಯದ ದುಡಿಮೆ ಇದೆ. ಅದು ವಾರಕ್ಕೆ ಒಂದೇ ದಿನ ನುಂಗುವ ಗುಳಿಗೆ. ದಿನಾ ನುಂಗಿದರೆ ಬಾಯಿಯೆಲ್ಲ ಹುಣ್ಣಾಗಿ, ರಕ್ತಕಣ ಕುಸಿದು ಪ್ರಾಣಕ್ಕೆ ಬರುತ್ತದೆ. ಚೀಟಿಯ ಮೇಲೆ "ಪ್ರತಿ ಸೋಮವಾರ ಮಾತ್ರ" ಎಂದು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆಸಿಕೊಳ್ಳಿ. ಮಗು ಬೇಕೆನ್ನುವವರು ಮೆಥೊಟ್ರೆಕ್ಸೇಟ್, ಮೈಕೊಫಿನೊಲೇಟ್ ಎರಡನ್ನೂ ತಿಂಗಳುಗಳ ಮೊದಲೇ ವೈದ್ಯರ ಸಲಹೆಯ ಮೇಲೆ ಬದಲಾಯಿಸಬೇಕು. ಮುಚ್ಚಿದ ನಾಳಕ್ಕೆ ಬಲೂನು, ಸ್ಟೆಂಟ್ ಹಾಕಬಹುದು, ಬೈಪಾಸ್ ಮಾಡಬಹುದು. ಆದರೆ ಉರಿಯೂತ ಆರುವ ಮೊದಲು ಅವಸರಪಟ್ಟು ಹಾಕಿದ ಸ್ಟೆಂಟ್ ಮತ್ತೆ ಮುಚ್ಚಿಕೊಳ್ಳುವುದೇ ಹೆಚ್ಚು. ತುರ್ತಿಲ್ಲದಿದ್ದರೆ ಕಾಯುವ ತಾಳ್ಮೆ ಬೇಕು.

ಈ ಮದ್ದುಗಳನ್ನು ಶುರು ಮಾಡುವ ಮೊದಲು ಕ್ಷಯ, ಹೆಪಟೈಟಿಸ್ ಬಿ, ಎಚ್.ಐ.ವಿ. ಇಲ್ಲವೆಂದು ನೋಡಿಕೊಳ್ಳುತ್ತಾರೆ, ಜಂತಿನ ಮದ್ದು ಕೊಡುತ್ತಾರೆ, ಲಸಿಕೆ ಹಾಕುತ್ತಾರೆ. ಶುರುವಾದ ಮೇಲೆ ಎರಡು ದಿನ ದಾಟಿದ ಜ್ವರವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು. ತಜ್ಞರ ಭೇಟಿ ಮೂರು ತಿಂಗಳಿಗೊಮ್ಮೆ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರಬಹುದು. ನಡುವಿನ ತಿಂಗಳುಗಳಲ್ಲಿ ಮೂತ್ರ, ಕ್ರಿಯಾಟಿನಿನ್, ರಕ್ತಕಣಗಳ ಲೆಕ್ಕವನ್ನು ಊರ ಹತ್ತಿರವೇ ಮಾಡಿಸಿ, ವರದಿಯ ಫೋಟೊ ಕಳಿಸಿದರೆ ಬಸ್ ಹತ್ತುವ ಕೆಲಸ ಅರ್ಧ ಉಳಿಯುತ್ತದೆ. ಆಂಕಾ ಕಾಯಿಲೆ ವರ್ಷಗಳ ನಂತರವೂ ಮರುಕಳಿಸುತ್ತದೆ, ಕಿಡ್ನಿಯಲ್ಲಿ ಮರುಕಳಿಸಿದಾಗ ರೋಗಿಗೆ ಏನೂ ಅನ್ನಿಸುವುದಿಲ್ಲ. ಮೂತ್ರದಲ್ಲಿ ಮತ್ತೆ ರಕ್ತಕಣ ಕಂಡ ದಿನ ಮುಂದಿನ ತಾರೀಖಿಗೆ ಕಾಯದೆ ಹೊರಡಬೇಕು.